ಮನೆಯಲ್ಲಿ ತೋಟಾ ಇಡುವ ಕ್ರಮ

ನಮ್ಮ ಭಾಗದ ಹಳ್ಳಿಯ ಮನೆಗಳಲ್ಲಿ ಬಂದೂಕು ಎಲ್ಲಿದೆ ಎಂಬುದು ಮನೆಮಂದಿಗೆಲ್ಲ ಗೊತ್ತಿರುತ್ತದೆ. ಅದರ ತೋಟಾಗಳು ಎಲ್ಲೆಲ್ಲಿ ಇವೆ ಎಂಬುದು ಮಾತ್ರ ಪರವಾನಗಿ ಹೊಂದಿದ ಯಜಮಾನರಿಗೂ ಪೂರ್ತಿ ನೆನಪಿರುವುದಿಲ್ಲ. ಮುಧೋಳ ತಾಲ್ಲೂಕಿನ ನಮ್ಮ ಮನೆಯಲ್ಲಿ ಅಜ್ಜನ ಕಾಲದ ಜೋಡಿ ನಳಿಗೆಯ ಹನ್ನೆರಡು ಬೋರಿನ ಬಂದೂಕು ಇದೆ. ಅಜ್ಜ ತೀರಿಕೊಂಡ ಮೇಲೆ ಮನೆಯನ್ನೆಲ್ಲ ಹುಡುಕಿದಾಗ ದೇವರ ಜಗಲಿಯ ಮೇಲೆ, ಟ್ರಂಕಿನ ತಳದಲ್ಲಿ, ಉಣ್ಣೆಯ ಕೋಟಿನ ಜೇಬಿನಲ್ಲಿ, ದನದ ಮನೆಯ ಗೂಟಕ್ಕೆ ನೇತುಹಾಕಿದ್ದ ಚರ್ಮದ ಪಟ್ಟಿಯಲ್ಲಿ, ಹೊಲದ ಮನೆಯ ಗೂಡಿನಲ್ಲಿ ಹೀಗೆ ಒಟ್ಟು 23 ತೋಟಾ ಸಿಕ್ಕವು. ಪರವಾನಗಿ ಪುಸ್ತಕದ ಲೆಕ್ಕದ ಪ್ರಕಾರ ಇರಬೇಕಾಗಿದ್ದದ್ದು 19. ಉಳಿದ ನಾಲ್ಕು ಯಾರವು, ಯಾವಾಗ ಬಂದವು ಎಂಬುದನ್ನು ಹೇಳಬಲ್ಲವರು ಮನೆಯಲ್ಲಿ ಯಾರೂ ಇರಲಿಲ್ಲ.

ಪರವಾನಗಿ ಅಜ್ಜನ ಹೆಸರಿನಲ್ಲಿದ್ದು ಅವರೊಂದಿಗೇ ಮುಗಿದಿದ್ದರಿಂದ, ಬಂದೂಕನ್ನೂ ಸಿಕ್ಕ ಅಷ್ಟೂ ತೋಟಾಗಳನ್ನೂ ಪಟ್ಟಿ ಮಾಡಿ, ಹೆಚ್ಚಿನ ನಾಲ್ಕನ್ನೂ ಮುಚ್ಚಿಡದೆ ಬರೆದು, ಠಾಣೆಗೆ ಒಪ್ಪಿಸಿ ರಸೀದಿ ಪಡೆದೆವು. ಮುಂದೆ ನನ್ನ ಹೆಸರಿಗೆ ಪರವಾನಗಿಯಾಗಿ ಬಂದೂಕು ಮನೆಗೆ ಮರಳುವಷ್ಟರಲ್ಲಿ ಒಂದೂವರೆ ವರ್ಷ ಕಳೆದಿತ್ತು. ಆ ಅವಧಿಯಲ್ಲಿ ಓದಿ, ಕೇಳಿ, ನೋಡಿ ತಿಳಿದುಕೊಂಡದ್ದನ್ನು, ಬೆಳೆ ರಕ್ಷಣೆಗೋ ಆತ್ಮರಕ್ಷಣೆಗೋ ಕಾನೂನುಬದ್ಧವಾಗಿ ಬಂದೂಕು ಇಟ್ಟುಕೊಂಡಿರುವ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಮನೆಗಳವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಬಂದೂಕಿಗೆ ಎಣ್ಣೆ ಹಚ್ಚಿ ಬಟ್ಟೆ ಸುತ್ತಿ ಕೀಲಿ ಹಾಕುವ ಜನರೇ ತೋಟಾವನ್ನು ಬೀಡಿ ಕಟ್ಟಿನಂತೆ ಕೈಗೆ ಸಿಕ್ಕಲ್ಲಿ ಬಿಟ್ಟುಬಿಡುತ್ತಾರೆ ಎಂಬುದು ನನ್ನ ಅನುಭವ.

ಕಾನೂನಿನಲ್ಲಿ ತೋಟಾದ ಸ್ಥಾನ

1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕಿಗೆ ಹೇಗೋ ತೋಟಾಕ್ಕೂ ಹಾಗೆಯೇ ಪರವಾನಗಿ ಬೇಕು. ಒಂದೇ ಒಂದು ಜೀವಂತ ತೋಟಾ ಪರವಾನಗಿ ಇಲ್ಲದವನ ಬಳಿ ಇದ್ದರೂ ಅದು ಅಪರಾಧ. ಆದ್ದರಿಂದ ನೆರೆಹೊಲದವರು ‘ನಾಲ್ಕು ತೋಟಾ ಇದ್ದರೆ ಕೊಡ್ರಿ, ಪ್ಯಾಟಿಗೆ ಹೋದಾಗ ತಂದು ಕೊಡತೇನಿ’ ಎಂದು ಕೇಳಿದಾಗ, ಅವರು ಎಷ್ಟೇ ಬೇಕಾದವರಾಗಿದ್ದರೂ, ಕೊಡಬಾರದು, ತೆಗೆದುಕೊಳ್ಳಲೂಬಾರದು. ನಮ್ಮ ಮನೆಯ ಆ ನಾಲ್ಕು ತೋಟಾಗಳ ಮೂಲ ಇಂಥದೇ ಕೈಗಡ ಎಂದು ನನ್ನ ಅನುಮಾನ. 21 ವರ್ಷ ತುಂಬದವರು ತೋಟಾ ಹೊಂದುವಂತಿಲ್ಲ. ಆದ್ದರಿಂದ ಕಾಲೇಜಿಗೆ ಹೋಗುವ ಮಗನನ್ನು ಅಂಗಡಿಗೆ ಕಳುಹಿಸಿ ತರಿಸುವ ಮಾತೇ ಬರುವುದಿಲ್ಲ.

2019ರ ತಿದ್ದುಪಡಿಯ ನಂತರ ಒಬ್ಬರು ಹೊಂದಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ, ಪರವಾನಗಿಯ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿದೆ. ಏಕಕಾಲಕ್ಕೆ ಎಷ್ಟು ತೋಟಾ ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂಬುದು ನಿಮ್ಮ ಪರವಾನಗಿ ಪುಸ್ತಕದಲ್ಲಿಯೇ ಬರೆದಿರುತ್ತದೆ; ಊರಿನಲ್ಲಿ ಯಾರೋ ಹೇಳಿದ ಅಂಕಿಯನ್ನು ನಂಬದೆ ಆ ಪುಟವನ್ನು ಒಮ್ಮೆ ತೆರೆದು ಓದಬೇಕು. ಸಂದೇಹವಿದ್ದರೆ ಕೇಳಬೇಕಾದದ್ದು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ. ಬೆಳಗಾವಿ ನಗರದ ವ್ಯಾಪ್ತಿಯವರು ಪೊಲೀಸ್ ಆಯುಕ್ತರ ಕಚೇರಿಯಲ್ಲಿ ಕೇಳಬೇಕು. ಕೊಡಗಿನ ಕಡೆ ಕೆಲವರಿಗೆ ಪರವಾನಗಿಯಿಂದಲೇ ವಿನಾಯಿತಿ ಇದೆ ಎಂಬುದನ್ನು ಕೇಳಿ ನಮ್ಮಲ್ಲಿಯೂ ಹಾಗೇ ಇರಬಹುದೆಂದು ಭಾವಿಸುವವರನ್ನು ನಾನು ನೋಡಿದ್ದೇನೆ. ಅದು ಕೊಡವರಿಗೆ ಮತ್ತು ಅಲ್ಲಿನ ಜಮ್ಮಾ ಭೂಮಿ, ಅಂದರೆ ವಂಶಪಾರಂಪರ್ಯವಾಗಿ ಬಂದ ಭೂಮಿ ಹೊಂದಿದವರಿಗೆ ಮಾತ್ರ ಸೀಮಿತ.

ತೋಟಾ ಕೆಡುವುದು ಹೇಗೆ

ಹನ್ನೆರಡು ಬೋರಿನ ತೋಟಾದಲ್ಲಿ ಹಿತ್ತಾಳೆ ಬಣ್ಣದ ಬುಡ, ಅದರ ನಡುವೆ ಪೆಟ್ಟು ಬಿದ್ದಾಗ ಕಿಡಿ ಕೊಡುವ ಕೇಪು, ಅದರ ಮೇಲೆ ಮದ್ದು, ಮದ್ದಿನ ಮೇಲೆ ಬಿರಡೆ, ಬಿರಡೆಯ ಮೇಲೆ ಸೀಸದ ಚರೆ, ಇವೆಲ್ಲವನ್ನೂ ಹಿಡಿದಿಡುವ ಪ್ಲಾಸ್ಟಿಕ್ ಅಥವಾ ಕಾಗದದ ಕೊಳವೆ ಇರುತ್ತವೆ. ರೈಫಲ್ ಮತ್ತು ರಿವಾಲ್ವರಿನ ತೋಟಾಕ್ಕೆ ಪೂರ್ತಿ ಹಿತ್ತಾಳೆಯ ಕವಚ, ಮುಂದೆ ಒಂದೇ ಗುಂಡು. ಈಗಿನ ಹೊಗೆರಹಿತ ಮದ್ದು ನೈಟ್ರೋಸೆಲ್ಯುಲೋಸ್‌ನಿಂದ ಆದದ್ದು. ಅದು ತಯಾರಾದ ದಿನದಿಂದಲೇ ಬಹಳ ನಿಧಾನವಾಗಿ ತನ್ನಷ್ಟಕ್ಕೆ ಕೊಳೆಯುತ್ತಿರುತ್ತದೆ. ಆ ಕೊಳೆಯುವಿಕೆಯನ್ನು ತಡೆಯಲು ಕಾರ್ಖಾನೆಯಲ್ಲಿಯೇ ಒಂದು ಸ್ಥಿರಕಾರಕವನ್ನು ಬೆರೆಸಿರುತ್ತಾರೆ. ಶಾಖ ಹೆಚ್ಚಿದಷ್ಟೂ ಆ ಸ್ಥಿರಕಾರಕ ಬೇಗ ಮುಗಿಯುತ್ತದೆ. ತೇವವು ಕೇಪನ್ನು ಸಾಯಿಸುತ್ತದೆ, ಕಾಗದದ ಕೊಳವೆಯನ್ನು ಉಬ್ಬಿಸುತ್ತದೆ, ಹಿತ್ತಾಳೆಗೆ ಕಿಲುಬು ಹಿಡಿಸುತ್ತದೆ.

ವಿಜಯಪುರದ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಹೊಸ ಸಂಗತಿಯಲ್ಲ. ಖಾನಾಪುರದ ಮಳೆಗಾಲದಲ್ಲಿ ಗೋಡೆಗೆ ಕೈ ಇಟ್ಟರೆ ಕೈ ಒದ್ದೆಯಾಗುತ್ತದೆ. ಹೀಗೆ ತೋಟಾದ ಎರಡೂ ಶತ್ರುಗಳು ನಮ್ಮ ಈ ಮೂರು ಜಿಲ್ಲೆಗಳೊಳಗೇ ಇವೆ. ಆದ್ದರಿಂದ ಎಲ್ಲಿ ಇಡಬೇಕು ಎಂದು ಹೇಳುವ ಮುಂಚೆ ಎಲ್ಲಿ ಇಡಬಾರದು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ.

ಇಡಬಾರದ ಜಾಗಗಳು

ಮೊದಲನೆಯದು ದನದ ಮನೆ. ನಮ್ಮ ಹಳೆಯ ಮಾಳಿಗೆ ಮನೆಗಳಲ್ಲಿ ಬಾಗಿಲು ದಾಟಿದ ಕೂಡಲೇ ಒಂದು ಮಗ್ಗುಲಿಗೆ ಗ್ವಾದಲಿ, ಎತ್ತುಗಳು. ಇನ್ನೊಂದು ಮಗ್ಗುಲಿಗೆ ಕಟ್ಟೆ, ಅದರಾಚೆ ಅಡುಗೆಮನೆ. ರಾತ್ರಿ ಹೊಲಕ್ಕೆ ಹೊರಡುವಾಗ ಕೈಗೆ ಸಿಗಲೆಂದು ತೋಟಾದ ಪಟ್ಟಿಯನ್ನು ದನದ ಮನೆಯ ಗೂಟಕ್ಕೆ ಹಾಕುವುದು ಅನೇಕರ ರೂಢಿ. ದನದ ಗಂಜಲದಿಂದ ಏಳುವ ಅಮೋನಿಯಾ ಹಿತ್ತಾಳೆಯನ್ನು ಬಿರುಕು ಬಿಡಿಸುತ್ತದೆ. ಇದು ಕಂಡುಬಂದದ್ದೇ ಭಾರತದಲ್ಲಿ: ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಸೈನ್ಯವು ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದಾಗ, ಹೊರಗಿನಿಂದ ಏನೂ ತಾಗದಿದ್ದರೂ ಹಿತ್ತಾಳೆಯ ಕವಚಗಳು ತಾವಾಗಿಯೇ ಸೀಳುತ್ತಿದ್ದವು. ಮಳೆಗಾಲದಲ್ಲಿ ಕಂಡ ಕಾರಣಕ್ಕೆ ಅದಕ್ಕೆ ‘ಸೀಸನ್ ಕ್ರ್ಯಾಕಿಂಗ್’ ಎಂಬ ಹೆಸರು ಬಂತು. ಲಾಯದ ಅಮೋನಿಯಾ, ತೇವ ಮತ್ತು ಎಳೆದು ತಯಾರಿಸಿದ ಹಿತ್ತಾಳೆಯೊಳಗೆ ಉಳಿದ ಬಿಗಿತ ಇವು ಸೇರಿದ್ದೇ ಕಾರಣವೆಂದು 1921ರಲ್ಲಿ ವಿವರಣೆ ಸಿಕ್ಕಿತು. ರೈಫಲ್, ರಿವಾಲ್ವರಿನ ತೋಟಾಗಳಿಗೆ ಈ ಅಪಾಯ ಹೆಚ್ಚು. ಅಂಥ ಸೀಳಿದ ತೋಟಾವನ್ನು ಹಾರಿಸಿದರೆ ಬಿಸಿ ಅನಿಲವು ಹಿಂದಕ್ಕೆ, ಅಂದರೆ ಹಾರಿಸುವವರ ಮುಖದ ಕಡೆಗೆ ಚಿಮ್ಮಬಹುದು.

ಎರಡನೆಯದು ಆ ಚರ್ಮದ ಪಟ್ಟಿಯೇ. ಚರ್ಮ ಹದಮಾಡಲು ಬಳಸುವ ಪದಾರ್ಥಗಳ ಆಮ್ಲೀಯ ಅಂಶವು ಹಿತ್ತಾಳೆಯ ಮೇಲೆ ಹಸಿರು ಕಿಲುಬನ್ನು ಹಿಡಿಸುತ್ತದೆ. ಅಜ್ಜನ ಪಟ್ಟಿಯಿಂದ ನಾನು ಹೊರತೆಗೆದ ಆರು ತೋಟಾಗಳಲ್ಲಿ ಐದರ ಬುಡದ ಸುತ್ತ, ಮೊಸರು ಮಾಡುವ ಹಿತ್ತಾಳೆ ಪಾತ್ರೆಯ ಕಲಾಯಿ ಹೋದಾಗ ಕಾಣುವಂಥ ಹಸಿರು ಉಂಗುರವಿತ್ತು. ಒಂದರಲ್ಲಿ ಆ ಕಿಲುಬು ಕೇಪಿನ ಅಂಚಿನೊಳಗೇ ಇಳಿದಿತ್ತು. ಪಟ್ಟಿಯನ್ನು ಹೊಲಕ್ಕೆ ಹೋಗುವಾಗ ಬಳಸಿದರೆ ಅಡ್ಡಿಯಿಲ್ಲ, ಮನೆಗೆ ಬಂದ ಕೂಡಲೇ ಖಾಲಿ ಮಾಡಬೇಕು.

ಗೊಬ್ಬರ ಮತ್ತು ಕೀಟನಾಶಕ ಇಡುವ ಕೋಣೆಗೂ ಇದೇ ಮಾತು ಅನ್ವಯಿಸುತ್ತದೆ, ಏಕೆಂದರೆ ತೇವ ಹಿಡಿದ ಯೂರಿಯಾ ಮತ್ತು ಅಮೋನಿಯಂ ಗೊಬ್ಬರಗಳಿಂದಲೂ ಅದೇ ವಾಸನೆ ಏಳುತ್ತದೆ. ಪತ್ರಾಸಿನ ಶೆಡ್ಡು, ಪಂಪ್‌ಸೆಟ್ಟಿನ ಮನೆ, ಕಾರಿನ ಡ್ಯಾಶ್‌ಬೋರ್ಡು, ಬೈಕಿನ ಟ್ಯಾಂಕಿನ ಮೇಲಿನ ಚೀಲ ಇವು ಶಾಖದ ಕಾರಣದಿಂದ ವರ್ಜ್ಯ. ಇನ್ವರ್ಟರಿನ ಬ್ಯಾಟರಿ ಇರುವ ಮೂಲೆಯನ್ನು ಅನೇಕರು ತಂಪಾದ ಒಳಕೋಣೆ ಎಂದು ಆರಿಸುತ್ತಾರೆ. ಬ್ಯಾಟರಿಯಿಂದ ಹೊರಬೀಳುವ ಆಮ್ಲದ ಆವಿ ಲೋಹವನ್ನು ತಿನ್ನುತ್ತದೆ, ಜಲಜನಕ ಅನಿಲ ಬೆಂಕಿಗೆ ಆಹಾರ. ಒಲೆ ಮತ್ತು ಗ್ಯಾಸ್ ಸಿಲಿಂಡರ್ ಇರುವ ಜಾಗದ ಬಗ್ಗೆ ಹೇಳಬೇಕಾಗಿಯೇ ಇಲ್ಲ.

ದೇವರ ಜಗಲಿಯ ವಿಷಯ ಸ್ವಲ್ಪ ಸೂಕ್ಷ್ಮವಾದದ್ದು. ಮಹಾನವಮಿಯ ಖಂಡೇಪೂಜೆಯ ದಿನ ಕುಡಗೋಲು, ಕೊಡಲಿ, ಟ್ರ್ಯಾಕ್ಟರಿನ ಪಾನಾಗಳ ಜತೆಗೆ ಬಂದೂಕನ್ನೂ ಒರಗಿಸಿ, ಅದರ ಮುಂದೆ ತಟ್ಟೆಯಲ್ಲಿ ತೋಟಾಗಳನ್ನು ಇಟ್ಟು, ವಿಭೂತಿ ಹಚ್ಚಿ, ಅರಿಷಿಣ ಕುಂಕುಮ ಏರಿಸಿ, ಪಕ್ಕದಲ್ಲಿ ದೀಪ, ಊದಿನಕಡ್ಡಿ ಹಚ್ಚುವುದು ಎಷ್ಟೋ ಮನೆಗಳ ಪದ್ಧತಿ. ಪೂಜೆ ಬೇಡವೆಂದು ನಾನು ಹೇಳುವುದಿಲ್ಲ. ನಮ್ಮ ಮನೆಯಲ್ಲಿಯೂ ಮಾಡುತ್ತೇವೆ. ಆದರೆ ಪೂಜೆಗೆ ಬಂದೂಕು ಸಾಕು. ಎರಡೂ ನಳಿಗೆ ತೆರೆದು ಖಾಲಿ ಇರುವುದನ್ನು ಕಣ್ಣಾರೆ ನೋಡಿ, ಬೆರಳಿಟ್ಟು ಮುಟ್ಟಿ, ನಂತರ ಜಗಲಿಗೆ ತರಬೇಕು. ತೋಟಾದ ಪೆಟ್ಟಿಗೆಗೆ ಪೂಜೆ ಸಲ್ಲಬೇಕೆನಿಸಿದರೆ ಮುಚ್ಚಿದ ಪೆಟ್ಟಿಗೆಯ ಮೇಲೆಯೇ ಒಂದು ಹೂವು ಏರಿಸಬಹುದು. ಒದ್ದೆ ಕುಂಕುಮ ಕೇಪಿನ ಸುತ್ತಲಿನ ಸಂದಿಗೆ ಇಳಿದರೆ ವರ್ಷವಿಡೀ ಅಲ್ಲಿಯೇ ಕುಳಿತು ಲೋಹವನ್ನು ತಿನ್ನುತ್ತದೆ. ಪೂಜೆ ಮುಗಿದ ಮೇಲೆ ಐದು ದಿನ ಜಗಲಿಯ ಮೇಲೆ ಬಿಡುವುದೂ ಸಲ್ಲದು, ಏಕೆಂದರೆ ಹಬ್ಬಕ್ಕೆ ಬಂದ ಮಕ್ಕಳ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಇಡಬೇಕಾದ ಜಾಗ

ಮನೆಯ ಒಳಕೋಣೆಯಲ್ಲಿ, ಸಂಜೆಯ ಬಿಸಿಲು ಬೀಳುವ ಪಡುವಣ ಗೋಡೆಯನ್ನು ಬಿಟ್ಟು, ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿ, ಗೋಡೆಗೆ ಬೋಲ್ಟ್ ಹಾಕಿ ಕೂಡಿಸಿದ ಗಟ್ಟಿ ತಗಡಿನ ಪೆಟ್ಟಿಗೆಯೊಂದು ಸಾಕು. ನೆಲದ ಮೇಲೆ ಇಟ್ಟರೆ ಮಳೆಗಾಲದಲ್ಲಿ ತೇವ ಏರುತ್ತದೆ. ಅಟ್ಟದ ಮೇಲೆ ಇಟ್ಟರೆ ಬೇಸಿಗೆಯಲ್ಲಿ ಕಾಯುತ್ತದೆ, ಮಾಳಿಗೆ ಸೋರಿದರೆ ಮೊದಲು ನೆನೆಯುವುದೂ ಅದೇ. ಪೆಟ್ಟಿಗೆಯ ಮುಚ್ಚಳಕ್ಕೆ ರಬ್ಬರಿನ ಅಂಚು ಇದ್ದರೆ ಒಳ್ಳೆಯದು. ಒಳಗೆ ತಳಕ್ಕೆ ಒಣಗಿದ ಮರದ ಹಲಗೆ ಹಾಕಿ, ತೋಟಾಗಳನ್ನು ಅಂಗಡಿಯಿಂದ ಬಂದ ರಟ್ಟಿನ ಡಬ್ಬಿಯಲ್ಲಿಯೇ ಇಡಬೇಕು. ಡಬ್ಬಿಯ ಮೇಲೆ ಬೋರು, ಉದ್ದ, ಚರೆಯ ಸಂಖ್ಯೆ ಮತ್ತು ತಯಾರಿಕೆಯ ವಿವರ ಇರುವುದರಿಂದ ಅದನ್ನು ಎಸೆದರೆ ತೋಟಾದ ಜಾತಕವನ್ನೇ ಎಸೆದಂತೆ. ಸಿಲಿಕಾ ಜೆಲ್‌ನ ಎರಡು ಪೊಟ್ಟಣಗಳನ್ನು ಪಕ್ಕದಲ್ಲಿ ಇಟ್ಟರೆ ತೇವವನ್ನು ಹೀರುತ್ತವೆ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿತೆಂದರೆ ಬದಲಿಸಬೇಕು.

ಬಂದೂಕು ಒಂದು ಕಡೆ, ತೋಟಾ ಇನ್ನೊಂದು ಕಡೆ, ಎರಡಕ್ಕೂ ಬೇರೆ ಬೇರೆ ಕೀಲಿ. ಒಂದೇ ಕಪಾಟಿನಲ್ಲಿ ಇಡಲೇಬೇಕಾದರೆ ಕಪಾಟಿನೊಳಗಿನ ತಿಜೋರಿಗೆ ತೋಟಾ ಹೋಗಬೇಕು. ಕೀಲಿಕೈಯನ್ನು ದೇವರ ಫೋಟೋದ ಹಿಂದೆ, ಬಾಗಿಲ ಮೇಲಿನ ಮೊಳೆಗೆ, ಅಕ್ಕಿ ಡಬ್ಬಿಯೊಳಗೆ ಇಡುವುದು ಕೀಲಿ ಹಾಕದೆ ಇರುವುದಕ್ಕೆ ಸಮ. ಮನೆಯ ಆರು ವರ್ಷದ ಹುಡುಗನಿಗೂ ಆ ಜಾಗಗಳು ಗೊತ್ತು. ಪರವಾನಗಿದಾರರ ಬಳಿ ಒಂದು ಇರಲಿ. ಇನ್ನೊಂದನ್ನು ಲಕೋಟೆಗೆ ಹಾಕಿ ಅಂಟಿಸಿ, ಸಹಿ ಮಾಡಿ, ಬೇರೆ ಕೀಲಿಯೊಳಗೆ ಇಡಬಹುದು.

ಬೆಂಕಿ ಬಿದ್ದರೆ ಏನಾಗುತ್ತದೆ ಎಂಬ ಭಯ ಮನೆಯ ಹೆಣ್ಣುಮಕ್ಕಳಿಗೆ ಇರುತ್ತದೆ, ಅದು ಸಹಜ. ಬಿಡಿಯಾಗಿರುವ ತೋಟಾ ಬೆಂಕಿಯಲ್ಲಿ ಸಿಡಿಯುತ್ತದೆ, ಕವಚದ ಚೂರು ಹಾರಿ ಗಾಯ ಮಾಡಬಹುದು. ಆದರೆ ನಳಿಗೆಯ ಆಸರೆ ಇಲ್ಲದ್ದರಿಂದ ಗುಂಡಿಗೆ ಬಂದೂಕಿನಿಂದ ಹೊರಟ ವೇಗ ಬರುವುದಿಲ್ಲ, ಇಡೀ ಪೆಟ್ಟಿಗೆ ಒಮ್ಮೆಲೇ ಬಾಂಬಿನಂತೆ ಸ್ಫೋಟಿಸುವುದೂ ಇಲ್ಲ. ಬಂದೂಕಿನೊಳಗೆ ತುಂಬಿಟ್ಟ ತೋಟಾ ಮಾತ್ರ ಶಾಖಕ್ಕೆ ತಾನೇ ಹಾರಿ, ನಳಿಗೆ ಯಾವ ಕಡೆ ಮುಖ ಮಾಡಿದೆಯೋ ಆ ಕಡೆ ಪೂರ್ಣ ಬಲದಿಂದ ಹೋಗುತ್ತದೆ. ತುಂಬಿದ ಬಂದೂಕನ್ನು ಮೂಲೆಗೆ ಒರಗಿಸಿಡಬಾರದು ಎಂಬುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು. ಅಗ್ನಿಶಾಮಕದವರು ಬಂದ ಕೂಡಲೇ ತೋಟಾ ಯಾವ ಕೋಣೆಯಲ್ಲಿದೆ, ಎಷ್ಟಿದೆ ಎಂಬುದನ್ನು ಮೊದಲು ತಿಳಿಸಬೇಕು.

ತೋಟಾದ ಬದಲು ನಳಿಗೆಯ ಬಾಯಿಯಿಂದ ಬಿಡಿ ಕರಿಮದ್ದು ತುಂಬುವ ಕೇಪಿನ ಬಂದೂಕು ಇರುವವರು ಈ ಸಮಾಧಾನವನ್ನು ತಮಗೆ ಅನ್ವಯಿಸಿಕೊಳ್ಳಬಾರದು. ಬಿಡಿ ಕರಿಮದ್ದು ಕಿಡಿಗೆ ಕ್ಷಣದಲ್ಲಿ ಹೊತ್ತುತ್ತದೆ, ಮುಚ್ಚಿದ ಲೋಹದ ಪಾತ್ರೆಯಲ್ಲಿ ಹೊತ್ತಿದರೆ ಸ್ಫೋಟಿಸುತ್ತದೆ. ಅದನ್ನು ಬಂದ ಡಬ್ಬಿಯಲ್ಲಿಯೇ, ಕೇಪುಗಳಿಂದ ದೂರ, ಪರವಾನಗಿಯಲ್ಲಿ ಹೇಳಿದ ಪ್ರಮಾಣದೊಳಗೆ ಮಾತ್ರ ಇಡಬೇಕು. ಕಾಡುಹಂದಿಗೆಂದು ಕೆಲವರು ಕದ್ದುಮುಚ್ಚಿ ಇಟ್ಟುಕೊಳ್ಳುವ ಸಿಡಿಮದ್ದಿನ ಉಂಡೆಗಳು ಯಾವ ಪರವಾನಗಿಯ ಅಡಿಯಲ್ಲಿಯೂ ಬರುವುದಿಲ್ಲ. ಅವು ಮನೆಯಲ್ಲಿ ಇರಲೇಕೂಡದು.

ಯಾವ ಬಂದೂಕಿಗೆ ಯಾವ ತೋಟಾ

ಬೋರಿನ ಸಂಖ್ಯೆ ದೊಡ್ಡದಾದರೆ ತೋಟಾವೂ ದೊಡ್ಡದು ಎಂದು ಭಾವಿಸುವವರು ಬಹಳ. ಲೆಕ್ಕ ತಿರುಗಾಮುರುಗ. ಒಂದು ಪೌಂಡ್ ಸೀಸದಿಂದ ಒಂದೇ ಅಳತೆಯ 12 ಗುಂಡು ಮಾಡಿದರೆ ಪ್ರತಿ ಗುಂಡಿನ ವ್ಯಾಸ ಎಷ್ಟೋ ಅಷ್ಟು ಅಗಲದ ನಳಿಗೆ ಹನ್ನೆರಡು ಬೋರು. 20 ಗುಂಡು ಮಾಡಿದರೆ ಗುಂಡು ಸಣ್ಣದಾಗುತ್ತದೆ, ಆದ್ದರಿಂದ ಇಪ್ಪತ್ತು ಬೋರಿನ ನಳಿಗೆ ಕಿರಿದು. ಹನ್ನೆರಡರದು ಸುಮಾರು 18.5 ಮಿಲಿಮೀಟರ್, ಇಪ್ಪತ್ತರದು ಸುಮಾರು 15.6.

ಇದು ಬರಿಯ ಲೆಕ್ಕದ ಮಾತಲ್ಲ. ಇಪ್ಪತ್ತು ಬೋರಿನ ತೋಟಾ ಹನ್ನೆರಡು ಬೋರಿನ ಬಂದೂಕಿಗೆ ಬಿದ್ದರೆ ಚೇಂಬರಿನಲ್ಲಿ, ಅಂದರೆ ನಳಿಗೆಯ ಬುಡದಲ್ಲಿ ತೋಟಾ ಕೂರುವ ಜಾಗದಲ್ಲಿ ನಿಲ್ಲದೆ ಮುಂದಕ್ಕೆ ಜಾರಿ, ನಳಿಗೆ ಕಿರಿದಾಗುವಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಟ್ರಿಗರ್ ಎಳೆದವರಿಗೆ ತೋಟಾ ಹಾಕುವುದು ಮರೆತಿದ್ದೇನೆ ಎನಿಸುತ್ತದೆ. ತೆರೆದು ನೋಡಿದರೆ ಚೇಂಬರು ಖಾಲಿ ಕಾಣುತ್ತದೆ. ಹನ್ನೆರಡು ಬೋರಿನ ತೋಟಾ ಹಾಕಿ ಹಾರಿಸುತ್ತಾರೆ. ಮುಂದಿರುವ ತೋಟಾ ತಡೆಯಾಗಿ, ನಳಿಗೆಯು ಸರಿಯಾಗಿ ಎಡಗೈ ಹಿಡಿದ ಜಾಗದಲ್ಲಿ ಒಡೆಯುತ್ತದೆ. ಇಪ್ಪತ್ತು ಬೋರಿನ ತೋಟಾಕ್ಕೆ ಹಳದಿ ಬಣ್ಣ ಕೊಡುವ ರೂಢಿ ಬಂದದ್ದು ಇದೇ ಕಾರಣಕ್ಕೆ. ಅಣ್ಣತಮ್ಮಂದಿರ ಎರಡು ಬಂದೂಕು ಒಂದೇ ಮನೆಯಲ್ಲಿದ್ದು ಬೋರು ಬೇರೆಯಾಗಿದ್ದರೆ, ಎರಡರ ತೋಟಾಗಳಿಗೂ ಬೇರೆ ಪೆಟ್ಟಿಗೆ, ಬೇರೆ ಕೋಣೆ ಇರಬೇಕೆಂದೇ ನಾನು ಹೇಳುತ್ತೇನೆ.

ಉದ್ದದಲ್ಲಿಯೂ ಒಂದು ಮೋಸವಿದೆ. ಹಳೆಯ ಬಂದೂಕುಗಳ ಚೇಂಬರು ಹೆಚ್ಚಾಗಿ 65 ಮಿಲಿಮೀಟರಿನದು. ಈಗ 70 ಮಿಲಿಮೀಟರಿನ ತೋಟಾಗಳೂ ಸಿಗುತ್ತವೆ. ಡಬ್ಬಿಯ ಮೇಲಿನ ಉದ್ದವು ತೋಟಾ ಹಾರಿ ಬಾಯಿ ಬಿಚ್ಚಿಕೊಂಡ ನಂತರದ ಅಳತೆಯಾದ್ದರಿಂದ, 70ರ ತೋಟಾ 65ರ ಚೇಂಬರಿಗೆ ಯಾವ ತಕರಾರೂ ಇಲ್ಲದೆ ಹೊಂದಿಕೊಳ್ಳುತ್ತದೆ. ಹಾರಿದಾಗ ಅದರ ಬಾಯಿ ಪೂರ್ತಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ‘ಹೊಂದತದ ಅಂದಮ್ಯಾಲೆ ನಡೀತದ’ ಎಂಬ ಮಾತು ಇಲ್ಲಿ ಸಲ್ಲುವುದಿಲ್ಲ. ನಳಿಗೆಯ ಬುಡದಲ್ಲಿ ಕೊರೆದ ಅಂಕಿಯನ್ನು ನೋಡಬೇಕು, ಓದಲು ಬಾರದಿದ್ದರೆ ಪರವಾನಗಿ ಪಡೆದ ಬಂದೂಕಿನ ಅಂಗಡಿಯವರಿಂದ ಅಳೆಸಬೇಕು.

ಪುಣೆಯ ಬಳಿಯ ಖಡಕಿಯ ಸರ್ಕಾರಿ ಮದ್ದುಗುಂಡಿನ ಕಾರ್ಖಾನೆಯಿಂದ ಬರುವ ಶಕ್ತಿಮಾನ್ ತೋಟಾಗಳು ನಮ್ಮ ಕಡೆ ಹೆಚ್ಚು ಬಳಕೆಯಲ್ಲಿವೆ. ಅವುಗಳ ಮೇಲೆ ಎಲ್‌ಜಿ, ಎಸ್‌ಜಿ, ಬಿಬಿ, 4, 6 ಎಂದು ಚರೆಯ ಗಾತ್ರ ಅಚ್ಚಾಗಿರುತ್ತದೆ. ಎಲ್‌ಜಿ ಎಲ್ಲಕ್ಕಿಂತ ದಪ್ಪ. ರಿವಾಲ್ವರು, ಪಿಸ್ತೂಲು ಇರುವವರು .32 ಎಂಬ ಒಂದೇ ಅಂಕಿಗೆ ಮೋಸ ಹೋಗಬಾರದು: .32 ರಿವಾಲ್ವರಿನ ತೋಟಾದ ಕವಚ ಸುಮಾರು 23 ಮಿಲಿಮೀಟರ್, .32 ಪಿಸ್ತೂಲಿನದು ಸುಮಾರು 17. ಎರಡೂ ಬೇರೆ ಬೇರೆ ವಸ್ತುಗಳು.

ಕೈಯಲ್ಲಿ ಹಿಡಿದಾಗ

ತೋಟಾವನ್ನು ಒಣಗಿದ ಮೆತ್ತನೆಯ ಬಟ್ಟೆಯಿಂದ ಒರೆಸಬಹುದು, ಎಣ್ಣೆ ಹಚ್ಚಬಾರದು. ಬಂದೂಕಿಗೆ ಹಚ್ಚಿದ ಎಣ್ಣೆ ಕೈಗೆ ಅಂಟಿ, ಕೈಯಿಂದ ಕೇಪಿಗೆ ಇಳಿದು, ಕೇಪನ್ನು ಸಾಯಿಸಿದ ಉದಾಹರಣೆಗಳು ಬೇಕಾದಷ್ಟಿವೆ. ಆದ್ದರಿಂದ ಬಂದೂಕು ಒರೆಸುವ ದಿನ ತೋಟಾದ ಪೆಟ್ಟಿಗೆಯನ್ನು ತೆರೆಯಲೇಬಾರದು. ಬೂದಿ, ಹುಣಸೆಹಣ್ಣು ಹಾಕಿ ತಿಕ್ಕಿ ಹೊಳಪು ಬರಿಸುವ ಉತ್ಸಾಹವೂ ಬೇಡ. ಚರೆ ಸೀಸದ್ದಾದ್ದರಿಂದ, ತೋಟಾ ಎಣಿಸಿದ ಕೈಯಿಂದಲೇ ರೊಟ್ಟಿ ಮುರಿಯದೆ ಸಾಬೂನಿನಿಂದ ಕೈ ತೊಳೆಯಬೇಕು.

ಹೊಲದಿಂದ ಮರಳಿ ಮನೆಯ ಬಾಗಿಲಿಗೆ ಬರುವ ಮುಂಚೆ, ಅಂಗಳದ ಹೊರಗೇ ನಿಂತು, ನಳಿಗೆಯನ್ನು ಜನರಿಲ್ಲದ ಕಡೆ ಮೆತ್ತನೆಯ ನೆಲಕ್ಕೆ ಮುಖಮಾಡಿ ತೆರೆದು ತೋಟಾ ಹೊರತೆಗೆಯಬೇಕು. ಹೋಗುವಾಗ ಒಯ್ದದ್ದು ಎಷ್ಟು, ಹಾರಿಸಿದ್ದು ಎಷ್ಟು, ಮರಳಿದ್ದು ಎಷ್ಟು ಎಂದು ಅಲ್ಲಿಯೇ ಎಣಿಸಬೇಕು. ಲೆಕ್ಕ ಕೂಡದಿದ್ದರೆ ಅದೇ ರಾತ್ರಿ ಬ್ಯಾಟರಿ ಹಿಡಿದು ಹೊಲದ ಬದುವಿನಲ್ಲಿ ಹುಡುಕುವುದು ಬೇಸರದ ಕೆಲಸವೇ ಸರಿ. ಬೆಳಿಗ್ಗೆ ಅದು ಕಬ್ಬು ಕಡಿಯಲು ಬಂದವರ ಮಗುವಿನ ಕೈಗೆ ಸಿಗುವುದಕ್ಕಿಂತ ಮೇಲು.

ಟ್ರಿಗರ್ ಎಳೆದಾಗ ಹಾರದಿದ್ದರೆ ಕೂಡಲೇ ತೆರೆಯಬಾರದು. ಕೆಲವೊಮ್ಮೆ ಕೇಪಿನ ಕಿಡಿ ಮದ್ದಿಗೆ ತಡವಾಗಿ ತಾಗುತ್ತದೆ. ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಕನಿಷ್ಠ 30 ಸೆಕೆಂಡು, ನನ್ನನ್ನು ಕೇಳಿದರೆ ಪೂರ್ತಿ ಒಂದು ನಿಮಿಷ ಕಾದು, ಮುಖವನ್ನು ಪಕ್ಕಕ್ಕೆ ಸರಿಸಿ ತೆರೆಯಬೇಕು. ಸದ್ದು ಎಂದಿಗಿಂತ ಮೆತ್ತಗೆ ಬಂದರೆ ಇನ್ನೂ ಹೆಚ್ಚು ಎಚ್ಚರ ಬೇಕು, ಏಕೆಂದರೆ ಬಿರಡೆಯೋ ಗುಂಡೋ ನಳಿಗೆಯ ನಡುವೆ ನಿಂತಿರಬಹುದು. ತೋಟಾ ಹೊರತೆಗೆದು, ನಳಿಗೆಯಲ್ಲಿ ಈ ತುದಿಯಿಂದ ಆ ತುದಿಗೆ ಬೆಳಕು ಕಾಣುವವರೆಗೆ ಇನ್ನೊಂದನ್ನು ಹಾಕಬಾರದು. ಬಹಳ ದಿನ ನಿಂತ ಬಂದೂಕಿನಲ್ಲಿಯೂ ಈ ಪರೀಕ್ಷೆ ಬೇಕು. ಒಮ್ಮೆ ಹೊಲದ ಮನೆಯಲ್ಲಿ ಎರಡು ತಿಂಗಳು ಇದ್ದ ನಮ್ಮ ಬಂದೂಕಿನ ಬಲ ನಳಿಗೆಯ ಬಾಯಿಯೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಹೊರಗಿನಿಂದ ನೋಡಿದರೆ ಬರಿಯ ನೆರಳಿನಂತೆ ಕಾಣುತ್ತಿತ್ತು, ಕಡ್ಡಿ ತೂರಿದಾಗ ಗಟ್ಟಿ ತಾಗಿತು.

ಮದುವೆ, ಜಾತ್ರೆ, ಚುನಾವಣೆಯ ಗೆಲುವಿನಲ್ಲಿ ಆಕಾಶಕ್ಕೆ ಗುಂಡು ಹಾರಿಸುವುದಕ್ಕೆ 2019ರ ತಿದ್ದುಪಡಿಯಲ್ಲಿ ಪ್ರತ್ಯೇಕ ಶಿಕ್ಷೆಯೇ ಇದೆ: ಎರಡು ವರ್ಷದವರೆಗೆ ಸೆರೆ, ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಲೆಕ್ಕ, ಸಾಗಣೆ, ಠಾಣೆ

ಅಂಗಡಿಯವರು ಪ್ರತಿ ಖರೀದಿಯನ್ನು ಪರವಾನಗಿಯಲ್ಲಿ ದಾಖಲಿಸುತ್ತಾರೆ. ಖರ್ಚನ್ನು ಬರೆಯಬೇಕಾದವರು ನಾವು. ಒಂದು ಚಿಕ್ಕ ವಹಿಯಲ್ಲಿ ದಿನಾಂಕ, ಚರೆಯ ಗಾತ್ರ, ತಂದದ್ದು, ಹಾರಿಸಿದ್ದು, ಬಾಕಿ ಇಷ್ಟು ಬರೆದರೆ ಸಾಕು. ಹಳೆಯದನ್ನು ಮೊದಲು ಬಳಸಬೇಕು. ಅಮಾವಾಸ್ಯೆಗೆ ಟ್ರ್ಯಾಕ್ಟರ್ ತೊಳೆದು ಪೂಜೆ ಮಾಡುವ ರೂಢಿ ನಮ್ಮಲ್ಲಿ ಇರುವುದರಿಂದ, ಎಣಿಕೆಯನ್ನೂ ಅದೇ ದಿನಕ್ಕೆ ಇಟ್ಟುಕೊಂಡಿದ್ದೇನೆ, ಮರೆಯುವುದಿಲ್ಲ. ಖಾಲಿ ಕವಚಗಳನ್ನೂ ಲೆಕ್ಕ ಮುಗಿಯುವವರೆಗೆ ಒಂದು ಚೀಲದಲ್ಲಿ ಇಡುವುದು ಲೇಸು. ಒಂದೇ ತೋಟಾ ಕಳೆದರೂ ಠಾಣೆಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಬೇಕು.

ಗಡಿಯ ತಾಲ್ಲೂಕುಗಳವರಿಗೆ ಒಂದು ವಿಶೇಷ ಸೂಚನೆ ಇದೆ. ಪರವಾನಗಿಯು ಕರ್ನಾಟಕಕ್ಕೆ ಮಾತ್ರ ಸೀಮಿತವೋ ಇಡೀ ದೇಶಕ್ಕೋ ಎಂಬುದು ಪುಸ್ತಕದಲ್ಲಿ ಬರೆದಿರುತ್ತದೆ. ಅಥಣಿಯವರು ಮೀರಜಿನ ದವಾಖಾನೆಗೆ, ನಿಪ್ಪಾಣಿಯವರು ಕೊಲ್ಹಾಪುರದ ಅಂಬಾಬಾಯಿಗೆ, ಇಂಡಿಯವರು ಸೊಲ್ಲಾಪುರದ ಪೇಟೆಗೆ ಹೋಗುವುದು ನೆರೆಮನೆಗೆ ಹೋದಷ್ಟೇ ಸಲೀಸು; ಪರವಾನಗಿ ಕರ್ನಾಟಕಕ್ಕೆ ಮಾತ್ರ ಸೀಮಿತವಾಗಿದ್ದರೆ, ಜೀಪಿನ ಸೀಟಿನ ಕೆಳಗೆ ಉಳಿದ ಎರಡು ತೋಟಾ ಮಾತ್ರ ಆ ಗಡಿ ದಾಟಿದ ಕೂಡಲೇ ಅಕ್ರಮವಾಗುತ್ತದೆ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಹೊರಡುವವರು, ಹೊಲಕ್ಕೆ ಒಯ್ಯುವ ಚೀಲವನ್ನೇ ಪ್ರಯಾಣಕ್ಕೂ ಬಳಸುವವರಾದರೆ, ಅದನ್ನು ತಲೆಕೆಳಗೆ ಮಾಡಿ ಕೊಡವಿ ನೋಡಬೇಕು. ಒಯ್ಯಲೇಬೇಕಾದಾಗ ಬಂದೂಕು ಖಾಲಿಯಾಗಿ ಚೀಲದಲ್ಲಿ, ತೋಟಾ ಬೇರೆ ಡಬ್ಬಿಯಲ್ಲಿ, ಮೂಲ ಪರವಾನಗಿ ಕೈಯಲ್ಲಿ ಇರಬೇಕು.

ಚುನಾವಣೆ ಘೋಷಣೆಯಾದಾಗ ಆಯುಧಗಳನ್ನು ಠಾಣೆಯಲ್ಲಿ ಇಡಲು ಆದೇಶ ಬರುತ್ತದೆ. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಆಜ್ಞೆಯನ್ನು ಧಿಕ್ಕರಿಸಿ ಎದ್ದ ಬೇಡರ ಹಲಗಲಿ ನಮ್ಮದೇ ತಾಲ್ಲೂಕಿನ ಊರು. ಆ ಲಾವಣಿ ಕೇಳಿ ಬೆಳೆದ ನಮಗೆ ಬಂದೂಕನ್ನು ಠಾಣೆಯ ಮೇಜಿನ ಮೇಲೆ ಇಡುವಾಗ ಮನಸ್ಸಿಗೆ ಸ್ವಲ್ಪ ಕಸಿವಿಸಿ ಆಗುವುದುಂಟು. ಆದರೂ ಆದೇಶ ಬಂದ ಮೇಲೆ ಇಡಬೇಕು, ಇಡುವಾಗ ತೋಟಾಗಳ ಸಂಖ್ಯೆಯನ್ನು ರಸೀದಿಯಲ್ಲಿ ಬರೆಸಬೇಕು, ಮರಳಿ ಪಡೆಯುವಾಗ ಅಲ್ಲಿಯೇ ಎಣಿಸಬೇಕು. ಒಮ್ಮೆ ನನಗೆ ಕೊಟ್ಟ ರಸೀದಿಯಲ್ಲಿ ‘ಬಂದೂಕು ಒಂದು, ತೋಟಾ ಸಹಿತ’ ಎಂದಷ್ಟೇ ಇತ್ತು. ಮರಳಿ ಪಡೆಯುವಾಗ ಎರಡು ಕಡಿಮೆ ಬಂದವು, ವಾದಿಸಲು ನನ್ನ ಬಳಿ ಕಾಗದವಿರಲಿಲ್ಲ.

ನೆನೆದ ಮತ್ತು ಹಳತಾದ ತೋಟಾ

2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿ ಊರುಗಳೇ ಮುಳುಗಿದಾಗ, ಜನ ಕಾಳು, ದನ, ಕಾಗದಪತ್ರ ಹೊತ್ತು ಹೊರಬಿದ್ದರು. ಎಷ್ಟೋ ಮನೆಗಳಲ್ಲಿ ತೋಟಾದ ಪೆಟ್ಟಿಗೆ ನೀರಿನಲ್ಲಿಯೇ ಉಳಿಯಿತು. ನದಿದಂಡೆಯ ಊರಿನವರು ಪ್ರವಾಹದ ಮುನ್ಸೂಚನೆ ಬಂದಾಗಲೇ ಬಂದೂಕು ತೋಟಾಗಳನ್ನು ಎತ್ತರದ ಊರಿನ ಠಾಣೆಗೋ ಪರವಾನಗಿ ಪಡೆದ ಅಂಗಡಿಗೋ ಒಪ್ಪಿಸುವುದು ಒಳ್ಳೆಯದು. ನೀರಿನಲ್ಲಿ ಮುಳುಗಿದ ತೋಟಾವನ್ನು ಬಿಸಿಲಿಗೆ ಒಣಗಿಸಿದರೆ ಹೊರಗಿನಿಂದ ಹೊಸದರಂತೆಯೇ ಕಾಣುತ್ತದೆ. ಒಳಗೆ ಮದ್ದು ಅರ್ಧ ನೆನೆದಿದ್ದರೆ ಗುಂಡು ನಳಿಗೆಯ ನಡುವೆಯೇ ನಿಲ್ಲುತ್ತದೆ. ಒಲೆಯ ಹತ್ತಿರ ಇಟ್ಟು ಒಣಗಿಸುವುದಂತೂ ಹುಚ್ಚು ಸಾಹಸ.

ಕೊಳವೆ ಉಬ್ಬಿದ್ದು, ಬುಡಕ್ಕೆ ಕಿಲುಬು ಏರಿದ್ದು, ಬಾಯಿಯ ಮಡಿಕೆ ಬಿಚ್ಚಿ ಚರೆ ಉದುರುತ್ತಿರುವುದು, ಕೇಪಿನ ಮೇಲೆ ಪೆಟ್ಟಿನ ಗುರುತಿದ್ದೂ ಹಾರದೆ ಉಳಿದದ್ದು, ಕವಚದಲ್ಲಿ ಕೂದಲೆಳೆಯ ಬಿರುಕು ಕಂಡದ್ದು ಇವನ್ನು ಬೇರೆ ಮಾಡಿ, ಬೇರೆ ಡಬ್ಬಿಯಲ್ಲಿ ‘ಕೆಟ್ಟವು’ ಎಂದು ಬರೆದು ಕೀಲಿಯೊಳಗೇ ಇಡಬೇಕು. ಬಿಚ್ಚಿ ಮದ್ದು ತೆಗೆಯಬಾರದು. ಬೆಂಕಿಗೆ, ಬಾವಿಗೆ, ಹೊಳೆಗೆ ಹಾಕಬಾರದು. ತಿಪ್ಪೆಯಲ್ಲಿ ಹೂಳಬಾರದು, ಏಕೆಂದರೆ ಮುಂದಿನ ವರ್ಷ ಅದೇ ಗೊಬ್ಬರದ ಜತೆ ಹೊಲಕ್ಕೆ ಬಂದು ನೇಗಿಲಿಗೆ ಸಿಗುತ್ತದೆ. ಹಿತ್ತಾಳೆಯ ಆಸೆಗೆ ಗುಜರಿಯವರಿಗೆ ಕೊಟ್ಟರೆ ಅವರು ಸುತ್ತಿಗೆಯಿಂದ ಬಡಿಯುತ್ತಾರೆ.

ಅವನ್ನು ಪಟ್ಟಿಯೊಂದಿಗೆ ಪರವಾನಗಿ ಪಡೆದ ಅಂಗಡಿಗೆ ಅಥವಾ ಠಾಣೆಗೆ ಒಪ್ಪಿಸಬೇಕು. ಒಯ್ಯುವ ಮುಂಚೆ ಫೋನು ಮಾಡಿ ಕೇಳಿಕೊಂಡರೆ ಎರಡು ಸಲ ಅಲೆಯುವುದು ತಪ್ಪುತ್ತದೆ. ಪಟ್ಟಿಯನ್ನು ಎರಡು ಪ್ರತಿ ಮಾಡಿ, ಒಂದರ ಮೇಲೆ ದಿನಾಂಕ, ಸಹಿ, ಮುದ್ರೆ ಹಾಕಿಸಿಕೊಂಡು, ಅದನ್ನು ಪರವಾನಗಿ ಪುಸ್ತಕದೊಳಗೇ ಇಟ್ಟು, ಅದೇ ದಿನ ವಹಿಯಲ್ಲಿ ಬಾಕಿಯನ್ನು ಅಷ್ಟಕ್ಕೆ ಇಳಿಸಿ ಬರೆಯಬೇಕು.